ಪೂಜೆಗಿಟ್ಟ ರೆಂಚು

ಒಂಬತ್ತನೆಯ ಕಂತು

ಕಣ್ಣಿಗೆ ಕಟ್ಟಿದ್ದ ವಿಆರ್ ಹೆಡ್‌ಸೆಟ್ಟನ್ನು ಕಿತ್ತು ಮೇಜಿನ ಮೇಲಿಟ್ಟೆ.

"ಹೇಗಿತ್ತು ಮೇಡಂ?" ಎಂದ ಮಧುಸೂದನ್. "ಫಸ್ಟ್ ಟೈಮ್ ಎಲ್ಲರಿಗೂ ಸ್ವಲ್ಪ ತಲೆ ಸುತ್ತುತ್ತೆ. ನೀರು ಕುಡೀರಿ."

ಕಿತ್ತಿಟ್ಟದ್ದು ತಲೆ ಸುತ್ತಿದ್ದಕ್ಕಲ್ಲ. ಆ ಹೆಡ್‌ಸೆಟ್ಟಿನೊಳಗೆ ಅವನು ನನ್ನನ್ನು ಕೂರಿಸಿ ಓಡಿಸಿದ್ದು ಅದೇ ರೋಲರ್ ಕೋಸ್ಟರ್, ಹಳಿಯ ಅದೇ ಮೂರನೆಯ ಗುಡ್ಡ. ಇಪ್ಪತ್ತೊಂದು ದಿನದ ಹಿಂದೆ, ಪರೀಕ್ಷೆಯ ಓಟದಲ್ಲಿ, ಆ ಗುಡ್ಡದ ನೆತ್ತಿಯಲ್ಲಿ ಕೊನೆಯ ಡಬ್ಬಿ ಹಳಿ ಬಿಟ್ಟು ಮೇಲೆದ್ದು ಅವನದೇ ಕಂಪನಿಯ ಡಿಸೈನ್ ಇಂಜಿನಿಯರ್ ಶರಣ್ಯ ಸತ್ತಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ. ಅದೇ ಗುಡ್ಡಕ್ಕೆ ಇವನು ನೀಲಿ ಆಕಾಶ, ಹಾರುವ ಹಕ್ಕಿ ಎಲ್ಲ ಸೇರಿಸಿ ಬಂದವರಿಗೆ ತೋರಿಸುತ್ತಿದ್ದ.

"ಆ ಗುಡ್ಡ ಒಂದನ್ನ ತೆಗೆದುಹಾಕಬಹುದಿತ್ತಲ್ಲ," ಎಂದೆ.

"ಅದೇ ನಮ್ಮ ಹೈಲೈಟ್ ಮೇಡಂ. ಎರಡೂವರೆ ಸೆಕೆಂಡ್ ಸೀಟಿಂದ ಮೇಲೆದ್ದಂಗಾಗುತ್ತಲ್ಲ, ಜನ ಕ್ಯೂ ನಿಲ್ಲೋದೇ ಅದಕ್ಕೆ."

ನೀರಿನ ಲೋಟವನ್ನು ಅವನ ಕಡೆಗೇ ತಳ್ಳಿದೆ. ಅವನ ಕೈಯಿಂದ ನೀರು ಕುಡಿಯಲೂ ಮನಸ್ಸಾಗಲಿಲ್ಲ.

ನಾನು ಸುಪ್ರಜಾ. ಹತ್ತೊಂಬತ್ತು ವರ್ಷ ವಿಮಾ ಕಂಪನಿಗಳಿಗೆ ಅಪಘಾತದ ಸರ್ವೇ ಮಾಡಿದವಳು. ಬೇಕಂತಲೇ ಸುಟ್ಟ ಗೋದಾಮು, ಬೇಕಂತಲೇ ಮಗುಚಿದ ಲಾರಿ ನೋಡಿ ನೋಡಿ ಸಾಕಾಗಿ ಕೆಲಸ ಬಿಟ್ಟೆ. ಬಿಟ್ಟು ಸ್ವಂತಕ್ಕೆ ಪತ್ತೇದಾರಿ ಕೆಲಸ ಶುರು ಮಾಡಿದ ಮೇಲೂ ಎದುರಿಗೆ ಕೂರುವವರು ಇಂಥವರೇ.

ಈ ಕೇಸು ತಂದದ್ದು ಶರಣ್ಯಳ ಅಜ್ಜಿ ನಾರಾಯಣಮ್ಮನವರು. ಕೊನೆಯ ಡಬ್ಬಿಯ ನಟ್ಟು ಬಿಗಿಯದೆ ಬಿಟ್ಟು ಶರಣ್ಯಳ ಸಾವಿಗೆ ಕಾರಣನಾದ ಎಂದು ಪೊಲೀಸರು ಫಿಟ್ಟರ್ ನಂದೀಶನನ್ನು ಹಿಡಿದು ಪರಪ್ಪನ ಅಗ್ರಹಾರದ ಜೈಲಿಗೆ ಹಾಕಿದ್ದಾರೆ. ಜಾಮೀನು ಒಂದು ಸಲ ತಿರಸ್ಕಾರವಾಗಿದೆ. ನಾಳಿದ್ದು ಸೋಮವಾರ ಮತ್ತೆ ವಿಚಾರಣೆ. ಸತ್ತವಳ ಅಜ್ಜಿಯೇ ಬಂದು, ಆ ಹುಡುಗ ಅಂಥವನಲ್ಲ, ಅವನನ್ನು ಬಿಡಿಸಿ, ಮಾಡಿದವರು ಯಾರೋ ಅವರನ್ನು ಹಿಡೀರಿ ಎಂದಿದ್ದರು.

"ಇನ್ನು ಹತ್ತು ವರ್ಷಕ್ಕೆ ಹಳಿನೂ ಬೇಡ, ಚಕ್ರನೂ ಬೇಡ," ಮಧುಸೂದನ್ ಹೆಡ್‌ಸೆಟ್ಟನ್ನು ಮಗುವನ್ನು ಒರೆಸಿದಂತೆ ಒರೆಸುತ್ತ ಹೇಳಿದ. "ಕುರ್ಚಿ ಅಲ್ಲಾಡುತ್ತೆ, ಮುಖಕ್ಕೆ ಗಾಳಿ ಹೊಡೆಯುತ್ತೆ, ಕಣ್ಣಿಗೆ ಇದು. ಮಾಲ್‌ನಲ್ಲೇ ಹಾಕಬಹುದು. ಫ್ಯೂಚರ್ ಇದೇ. ಯಾರೂ ಬೀಳಲ್ಲ, ಯಾರೂ ಸಾಯಲ್ಲ."

"ಅಲ್ಲೀವರೆಗೂ?"

"ಅಲ್ಲೀವರೆಗೂ ಹಳಿ ಮೇಲೆ ಓಡಿಸ್ಬೇಕು. ಹೈದರಾಬಾದ್ ಪಾರ್ಟಿ ಇನ್ನೂ ಆರ್ಡರ್ ಕ್ಯಾನ್ಸಲ್ ಮಾಡಿಲ್ಲ, ಗೊತ್ತಾ? ನಂದೀಶನ ವಿಷಯ ಇತ್ಯರ್ಥ ಆಗ್ಲಿ ಅಂತ ಕಾಯ್ತಿದಾರೆ."

ಬಸವನಗುಡಿಯ ಹಳೆಯ ಮನೆಯೊಂದರ ಹಜಾರಕ್ಕೆ ಗಾಜು ಹಾಕಿ ಅವನು ಆಫೀಸು ಮಾಡಿಕೊಂಡಿದ್ದ. ಗೋಡೆಯ ತುಂಬ ಬಣ್ಣದ ಹಳಿಗಳ ಚಿತ್ರ. ಮೂಲೆಯಲ್ಲಿ ಶರಣ್ಯಳ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹಾರ. ಅಷ್ಟು ಹತ್ತಿರ ಗಾಂಧಿ ಬಜಾರ್ ಇಟ್ಟುಕೊಂಡು ಒಂದು ಮೊಳ ಮಲ್ಲಿಗೆ ತರಿಸಲು ಇವನಿಗೆ ಆಗಿರಲಿಲ್ಲ.

ಚೀಲದಿಂದ ಉಪ್ಪಿನಕಾಯಿ ಜಾಡಿ ತೆಗೆದು ಅವನ ಮುಂದೆ ಇಟ್ಟೆ. ಒಳಗೆ ನಟ್ಟುಗಳು. ಮುಚ್ಚಳ ತೆಗೆದ ಕೂಡಲೇ ಸೀಮೆಎಣ್ಣೆ ವಾಸನೆ ಹೊಡೆಯಿತು.

"ಏನಿದು?"

"ಚಾಮರಾಜಪೇಟೆಯಿಂದ ತಂದೆ. ಏಕಾಂತಯ್ಯನವರ ವರ್ಕ್‌ಶಾಪ್‌ನಲ್ಲಿ ನಿಮ್ಮ ಕಂಪನಿ ಸ್ಟೋರ್ ಇದೆಯಲ್ಲ, ಅಲ್ಲಿಂದ."

"ಸ್ಕ್ರ್ಯಾಪ್ ಅದು."

"ಸ್ಕ್ರ್ಯಾಪ್ ಯಾರಾದ್ರೂ ತೊಳೆದು ಇಡ್ತಾರಾ?"

ಅವನು ಒಂದು ನಟ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಮತ್ತೆ ಜಾಡಿಗೆ ಹಾಕಿದ. ಆ ನಟ್ಟಿನೊಳಗೆ ನೈಲಾನಿನ ಉಂಗುರ ಇರುತ್ತದೆ. ಅಲುಗಾಟಕ್ಕೆ ಸಡಿಲವಾಗದಂತೆ ಬೋಲ್ಟನ್ನು ಕಚ್ಚಿ ಹಿಡಿಯುವುದು ಅದೇ. ಒಮ್ಮೆ ಬಿಚ್ಚಿದರೆ ಆ ಉಂಗುರ ಸವೆಯುತ್ತದೆ, ನಟ್ಟನ್ನು ಬಿಸಾಡಿ ಹೊಸದು ಹಾಕಬೇಕು. ಇಲ್ಲಿ ಬಿಸಾಡುತ್ತಿರಲಿಲ್ಲ. ತೊಳೆದು ಮತ್ತೆ ಹಾಕುತ್ತಿದ್ದರು.

"ನೋಡಿ ಮೇಡಂ," ಎಂದ, ದನಿ ತಗ್ಗಿಸದೆ. "ಯುರೋಪಿನವರು ಒಂದು ಕೋಸ್ಟರ್ ಮಾಡೋ ರೇಟಲ್ಲಿ ನಾನು ಮೂರು ಮಾಡಿಕೊಡ್ತೀನಿ. ಹೇಗೆ ಅಂದ್ಕೊಂಡ್ರಿ? ಎಲ್ಲದಕ್ಕೂ ಪುಸ್ತಕ ಹಿಡ್ಕೊಂಡು ಕೂತ್ರೆ ಆಗುತ್ತಾ?"

"ಶರಣ್ಯ ಇದರ ಬಗ್ಗೆ ನಿಮಗೆ ಮೂರು ಮೇಲ್ ಕಳಿಸಿದ್ಲು."

"ನಾಲ್ಕು. ಹೊಸ ಹುಡುಗರು ಹಾಗೇನೇ. ಓದಿ ಡಿಲೀಟ್ ಮಾಡ್ತಿದ್ದೆ."

ನನ್ನ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸಿ ಕೊಟ್ಟನಲ್ಲ, ಆ ನಿಶ್ಚಿಂತೆಗೆ ಮೈ ಉರಿಯಿತು. ಸುಳ್ಳು ಹೇಳುವವರು ನನಗೆ ಹೊಸಬರಲ್ಲ. ನಿಜವನ್ನೇ ಹೀಗೆ ನಾಚಿಕೆಯಿಲ್ಲದೆ ಹೇಳುವವರ ಮುಂದೆ ಕೂತರೆ ಮಾತ್ರ ಮನೆಗೆ ಹೋಗಿ ಸ್ನಾನ ಮಾಡಬೇಕು ಅನ್ನಿಸುತ್ತದೆ.

ಮೇಜಿನ ಮೇಲೆ ಕೋಸ್ಟರ್ ಚಕ್ರಗಳ ಒಂದು ಮಾದರಿ ಇತ್ತು. ಹಳಿಯ ಮೇಲೆ ಉರುಳುವುದು ಒಂದು ಚಕ್ರ, ಪಕ್ಕಕ್ಕೆ ಒರಗುವುದು ಇನ್ನೊಂದು, ಹಳಿಯನ್ನು ಅಡಿಯಿಂದ ಹಿಡಿಯುವುದು ಮತ್ತೊಂದು. ಗುಡ್ಡದ ನೆತ್ತಿಯಲ್ಲಿ ಡಬ್ಬಿ ಮೇಲೆ ಹಾರಲು ನೋಡಿದಾಗ ಅದನ್ನು ಹಳಿಗೆ ಹಿಡಿದಿಡುವುದು ಈ ಅಡಿಚಕ್ರ. ಶರಣ್ಯ ಕೂತಿದ್ದ ಡಬ್ಬಿಯ ಅಡಿಚಕ್ರಗಳು ಗುಡ್ಡದ ಕೆಳಗೆ ಹುಲ್ಲಿನಲ್ಲಿ ಸಿಕ್ಕಿದ್ದವು.

ಮಾದರಿಯ ಅಡಿಚಕ್ರಕ್ಕೆ ಬೆರಳು ತಾಗಿಸಿದೆ. ಅದೂ ಅಲ್ಲಾಡುತ್ತಿತ್ತು.

ಕೆಲಸದ ಪುಸ್ತಕದ ಹಾಳೆಯ ನಕಲನ್ನು ಬಿಚ್ಚಿದೆ. ನಂದೀಶನ ವಕೀಲರು ಕೊಟ್ಟದ್ದು. ಪೊಲೀಸರ ಕೇಸು ಪೂರ್ತಿ ನಿಂತಿರುವುದು ಈ ಒಂದು ಹಾಳೆಯ ಮೇಲೆ.

"ಓದ್ತೀನಿ ಕೇಳಿ. 'ಅಕ್ಟೋಬರ್ ಒಂದು, ಮಧ್ಯಾಹ್ನ ಮೂರು ನಲವತ್ತು. ಕೊನೆ ಡಬ್ಬಿ ಅಡಿಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು ಪರೀಕ್ಷಿಸಿದೆ.' ಕೆಳಗೆ ನಂದೀಶನ ಸಹಿ."

"ಅದನ್ನೇ ನಾವೂ ಹೇಳ್ತಿರೋದು. ಬಿಗಿದೆ ಅಂತ ಬರೆದ, ಬಿಗಿ ಸಾಲಲಿಲ್ಲ."

"ಅಕ್ಟೋಬರ್ ಒಂದು ಏನು ದಿನ?"

"ಬುಧವಾರ ಇರಬೇಕು."

"ಆಯುಧ ಪೂಜೆ."

ಅವನು ಫೋನು ತೆಗೆದು ಕ್ಯಾಲೆಂಡರ್ ನೋಡಿದ. ಬಸವನಗುಡಿಯಲ್ಲಿ ಹುಟ್ಟಿದವನು ಆಯುಧ ಪೂಜೆ ಯಾವತ್ತು ಅಂತ ಫೋನಿನಲ್ಲಿ ನೋಡಬೇಕಾಯಿತು.

ನನ್ನ ಫೋನು ತಿರುಗಿಸಿ ಫೋಟೋ ತೋರಿಸಿದೆ. ಬೆಳಗ್ಗೆ ಏಕಾಂತಯ್ಯನವರು ಕಳಿಸಿದ್ದು, ಅವತ್ತು ಮಧ್ಯಾಹ್ನ ಮೂರು ಮುಕ್ಕಾಲಿಗೆ ತೆಗೆದದ್ದು. ಲೇತ್ ಮೆಷಿನ್ನಿಗೆ ಬಾಳೆಕಂದು, ಡ್ರಿಲ್ಲಿಗೆ ಚೆಂಡುಹೂವು. ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ ಸಾಮಾನು, ನಡುವೆ ಮೂರೆಳೆ ವಿಭೂತಿ ಬಳಿದ ಟಾರ್ಕ್ ರೆಂಚು, ನಟ್ಟನ್ನು ಇಷ್ಟೇ ಬಿಗಿ ಎಂದು ಅಳೆದು ಬಿಗಿಯುವ ಸಾಧನ. ಪಕ್ಕದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಸಿರು ಸೀರೆ ಉಟ್ಟ ಶರಣ್ಯ. ಅವಳು ನಗುತ್ತಿದ್ದಳು.

ಏಕಾಂತಯ್ಯನವರು ಎಪ್ಪತ್ತು ದಾಟಿದವರು. ಮಧುಸೂದನನ ಕೋಸ್ಟರುಗಳಿಗೆ ಚಕ್ರದ ಚೌಕಟ್ಟು ಮಾಡಿಕೊಡುತ್ತಾರೆ. ಕಂಪನಿಯ ರೆಂಚು, ಸ್ಪ್ಯಾನರುಗಳೆಲ್ಲ ಪೂಜೆಗೆ ಅವರಲ್ಲಿಗೇ ಬರುತ್ತವೆ. ಬೆಳಗ್ಗೆ ನಾನು ಕೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂದಿತ್ತು.

"ಅವತ್ತು ರೆಂಚ್ ಯಾರಾದ್ರೂ ತಗೊಂಡ್ ಹೋದ್ರಾ ಅಂತ ಕೇಳ್ತೀರಲ್ಲ ತಾಯಿ," ಎಂದಿದ್ದರು. "ಪೂಜೆಗಿಟ್ಟ ಮೇಲೆ ಮಾರನೇ ದಿನ ಬೆಳಗ್ಗೆ ಮಂಗಳಾರತಿ ಆಗೋವರೆಗೂ ಒಂದು ಸ್ಕ್ರೂಡ್ರೈವರ್ ಕೂಡ ಯಾರೂ ಮುಟ್ಟಲ್ಲ. ನಮ್ಮಪ್ಪನ ಕಾಲದಿಂದ ಹಾಗೇನೇ. ಬಾಗಿಲ ಕೀಲಿ ನನ್ನ ಸೊಂಟದಲ್ಲಿತ್ತು."

ಕೋಸ್ಟರ್ ನಿಂತಿದ್ದದ್ದು ಹಾರೋಹಳ್ಳಿಯ ಆಚೆ, ಕಂಪನಿಯ ಪರೀಕ್ಷೆಯ ಜಾಗದಲ್ಲಿ. ರೆಂಚು ಕೂತಿದ್ದದ್ದು ಚಾಮರಾಜಪೇಟೆಯಲ್ಲಿ, ದೇವರ ಮುಂದೆ.

"ಬೇರೆ ರೆಂಚ್ ತಗೊಂಡಿರಬಹುದು," ಎಂದ ಮಧುಸೂದನ್.

"ಆ ಅಳತೆಗೆ ನಿಮ್ಮ ಹತ್ರ ಇರೋದು ಒಂದೇ. ಇನ್ನೊಂದು ಕೊಡಿಸಿ ಅಂತ ಶರಣ್ಯ ಬರೆದ ಮೇಲ್ ಇದೆ. ಅದನ್ನೂ ಡಿಲೀಟ್ ಮಾಡಿರ್ತೀರ."

ಅವನು ಸ್ವಲ್ಪ ಹೊತ್ತು ಫೋಟೋ ನೋಡಿದ. ಹೆದರುತ್ತಾನೆ ಅಂದುಕೊಂಡಿದ್ದೆ. ಅವನು ಕುರ್ಚಿಗೆ ಒರಗಿ ಕೂತ.

"ಒಳ್ಳೇದೇ ಆಯ್ತಲ್ಲ ಮೇಡಂ. ಇಷ್ಟು ದಿನ ನಂದೀಶ ಸರಿಯಾಗಿ ಬಿಗೀಲಿಲ್ಲ ಅಂತಿದ್ವಿ. ಈಗ ನೀವೇ ಪ್ರೂವ್ ಮಾಡ್ತಿದೀರ, ಅವನು ಬಿಗಿದೇ ಇಲ್ಲ, ಸುಳ್ಳು ಬರೆದಿದಾನೆ ಅಂತ. ಇನ್ನೂ ನಾಲ್ಕು ವರ್ಷ ಜಾಸ್ತಿ ಒಳಗಿರ್ತಾನೆ."

ನನ್ನ ಕೈಯಲ್ಲಿದ್ದ ಹಾಳೆಯನ್ನು ಅವನು ನನ್ನ ಕಡೆಗೇ ತಿರುಗಿಸಿದ್ದ. ಅವನ ಮುಖ ನೋಡಿ ಅಸಹ್ಯವಾಯಿತು. ಅವನು ಹೇಳಿದ್ದರಲ್ಲಿ ತಪ್ಪಿಲ್ಲ ಅನ್ನುವುದು ಇನ್ನೂ ಅಸಹ್ಯ.

ನಂದೀಶನನ್ನು ಜೈಲಿನಲ್ಲಿ ನೋಡಿದ್ದೆ. ತಿಂಗಳ ಮೊದಲಲ್ಲೇ ಖಾಲಿ ಹಾಳೆಗಳಿಗೆ ಸಹಿ ಹಾಕಿ ಇಡುತ್ತಿದ್ದೆ, ಎಲ್ಲ ಫಿಟ್ಟರುಗಳೂ ಹಾಗೇ ಮಾಡುವುದು ಎಂದ. ಅವನ ಮೇಲೂ ಸಿಟ್ಟು ಬಂದಿತ್ತು. ಹಬ್ಬ ಕಳೆದು ಶುಕ್ರವಾರ ಬಂದು ನಟ್ಟು ಬಿಗಿಯೋಣ ಎಂದು ಪುಸ್ತಕ ತೆಗೆದರೆ, ಆಗಲೇ ಬಿಗಿದಾಗಿದೆ ಎಂದು ಬರೆದಿತ್ತಂತೆ.

"ನಂಬಿಬಿಟ್ಟೆ ಮೇಡಂ," ಎಂದಿದ್ದ.

"ಯಾರ ಅಕ್ಷರ ಅದು?"

ಅವನು ನೆಲ ನೋಡಿದ. ಗೊತ್ತಿಲ್ಲ ಎಂದ. ಮಧುಸೂದನನ ಹೆದರಿಕೆ ಇರಬೇಕು ಅಂದುಕೊಂಡು ನಾನೂ ಸುಮ್ಮನಾಗಿದ್ದೆ.

ಹಾಗಾಗಿ ಉಳಿದದ್ದು ಅಕ್ಷರವೊಂದೇ. ಸಹಿ ನಂದೀಶನದು, ಬರಹ ಅವನದಲ್ಲ. ಬರೆದವರು ಸಿಕ್ಕರೆ ನಂದೀಶ ಹೊರಗೆ ಬರುತ್ತಾನೆ.

"ಈ ಜಾಡಿ ನಿಮ್ಮದು ಅಂತ ಎರಡು ಸಾಲು ಬರೆದುಕೊಡಿ," ಎಂದು ಮಧುಸೂದನನ ಮುಂದೆ ಪೆನ್ನು, ಕಾಗದ ಇಟ್ಟೆ. "ಕನ್ನಡದಲ್ಲಿ."

ಅವನಿಗೆ ಅರ್ಥವಾಯಿತು. ನಕ್ಕ. ಪೆನ್ನು ತೆಗೆದುಕೊಂಡು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಹೊರಟು, ಧು ಅಕ್ಷರಕ್ಕೆ ಬಂದು ನಿಂತ.

"ಸ್ಕೂಲಲ್ಲಿ ಥರ್ಡ್ ಲ್ಯಾಂಗ್ವೇಜ್ ಮೇಡಂ. ಓದ್ತೀನಿ, ಬರೆಯಕ್ಕೆ ಬರಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಕಾಗದದ ಮೇಲಿದ್ದದ್ದು ಒಂದನೇ ಕ್ಲಾಸಿನ ಮಗುವಿನ ಅಕ್ಷರ. ನಟನೆಯಲ್ಲ. ಹಾಳೆಯಲ್ಲಿದ್ದದ್ದು ತಿದ್ದಿ ತೀಡಿದ ಅಕ್ಷರ. ಇವನು ಬರೆದದ್ದಲ್ಲ.

ಏಳುವ ಮೊದಲು ಇನ್ನೊಂದು ಕೇಳಿದೆ. "ಅವತ್ತು ಕೊನೆ ಸೀಟಲ್ಲಿ ಶರಣ್ಯ ಯಾಕೆ ಕೂತ್ಲು?"

"ಅವಳಲ್ಲ, ನಾನು ಕೂರ್ಬೇಕಿತ್ತು. ಹೈದರಾಬಾದ್ ಪಾರ್ಟಿ ಬಂದಿದ್ರಲ್ಲ. ಓನರೇ ಲಾಸ್ಟ್ ಸೀಟಲ್ಲಿ ಕೂತು ತೋರಿಸಿದ್ರೆ ಅವರಿಗೆ ನಂಬಿಕೆ ಬರುತ್ತೆ ಅಂತ. ಐಡಿಯಾ ಶರಣ್ಯಂದೇ. ಅಷ್ಟರಲ್ಲಿ ಅವರು ಮಾತಿಗೆ ಕರೆದ್ರು. ಸೀಟು ಖಾಲಿ ಓಡಿಸಿದ್ರೆ ಚೆನ್ನಾಗಿರಲ್ಲ, ನೀನು ಕೂತ್ಕೋ ಅಂದೆ."

"ಕೂತ್ಲಾ?"

"ಬೇಡ ಸರ್ ಅಂದ್ಲು. ಓಟನೇ ಬೇಡ, ನಾಳೆ ಮಾಡೋಣ ಅಂದ್ಲು. ಪಾರ್ಟಿ ಎದುರಿಗೇ. ನನಗೂ ಸಿಟ್ಟು ಬಂತು, ಬೈದೆ. ನಿನಗೇ ನಂಬಿಕೆ ಇಲ್ಲದಿದ್ರೆ ನಾಳೆಯಿಂದ ಬರಬೇಡ ಅಂದೆ." ಅವನು ಹೆಡ್‌ಸೆಟ್ಟನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. "ಹೋಗಿ ಕೂತ್ಲು."

ಇಷ್ಟನ್ನೂ ಅವನು ಕಾಫಿ ತಣ್ಣಗಾಯಿತು ಅನ್ನುವಷ್ಟೇ ಸಲೀಸಾಗಿ ಹೇಳಿದ. ಜಾಡಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಬಾಗಿಲವರೆಗೂ ಬಂದು, ಕಂಪನಿಗೆ ಸೇಫ್ಟಿ ಅಡ್ವೈಸರ್ ಬೇಕು, ನಿಮ್ಮಂಥವರು ಬಂದರೆ ಚೆನ್ನ ಎಂದ. ಥೂ ಎಂದು ಬಾಯಿಗೆ ಬಂದದ್ದನ್ನು ಅವನ ಹೊಸ್ತಿಲು ದಾಟಿದ ಮೇಲೆ ಅಂದೆ. ಆಟೋದವನು ನನ್ನನ್ನೇ ನೋಡಿದ.

ನಾರಾಯಣಮ್ಮನವರ ಮನೆ ಹನುಮಂತನಗರದಲ್ಲಿ, ಗುಡ್ಡದ ದೇವಸ್ಥಾನದ ಕೆಳಗಿನ ರಸ್ತೆ. ನಾನು ಹೋದಾಗ ಸಂಜೆ ಐದೂವರೆ. ಹಜಾರದಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮಗ ಸೊಸೆ ಹೋದ ಮೇಲೆ ಮೊಮ್ಮಗಳನ್ನು ನಾಲ್ಕನೇ ವಯಸ್ಸಿನಿಂದ ಸಾಕಿದವರು. ಮೂವತ್ತಾರು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಅದಕ್ಕೇ ಅವರ ಹತ್ತಿರ ಹೋಗಿದ್ದೆ. ಅಕ್ಷರ ನೋಡಿ, ಬರೆದವರು ಗಂಡಸೋ ಹೆಂಗಸೋ, ಎಷ್ಟು ಓದಿದವರು ಅಂತಾದರೂ ಹೇಳಬಹುದು ಅನ್ನುವ ಆಸೆ.

"ಏನಾಯ್ತಮ್ಮ? ಒಪ್ಕೊಂಡ್ನಾ?"

"ನಟ್ಟಿನ ವಿಷಯ ಒಪ್ಕೊಂಡ. ನಾಚಿಕೆನೇ ಇಲ್ಲ ಅವನಿಗೆ. ಆದ್ರೆ ಪುಸ್ತಕದಲ್ಲಿ ಬರೆದಿರೋದು ಅವನಲ್ಲ. ನೀವು ಒಂದ್ಸಲ ನೋಡಿ ಟೀಚರ್. ಆ ದಿನ ರೆಂಚು ಪೂಜೆಗಿಟ್ಟಿತ್ತು, ಬಿಗಿದೆ ಅಂತ ಬರೆದಿರೋದು ಪೂರ್ತಿ ಸುಳ್ಳು. ಇದನ್ನ ಬರೆದವರು ಯಾರು ಅಂತ ಸಿಕ್ಕಿಬಿಟ್ರೆ ಸೋಮವಾರ ನಂದೀಶ ಮನೆಗೆ ಬರ್ತಾನೆ."

ಅವರು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಬೆಳಕಿಗೆ ಹಿಡಿದು ಒಂದು ಸಲ ಓದಿದರು. ಮತ್ತೆ ಓದಿದರು. ಮೂರು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಪೊಲೀಸ್ನೋರು ಇದು ಯಾರದ್ದು ಅಂತಾರೆ?"

"ನಂದೀಶಂದು."

"ಅಲ್ಲ," ಎಂದರು.

ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಚೀಟಿ ಇತ್ತು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದದ್ದು. ಮೂಲೆಗಳಲ್ಲಿ ಟೇಪು ಇನ್ನೂ ಹಾಗೇ ಇತ್ತು. 'ಅಜ್ಜಿ, ಬಿಳಿ ಮಾತ್ರೆ ತಿಂಡಿಗೆ ಮೊದಲು. ಹಳದಿ ಮಾತ್ರೆ ಊಟ ಆದ ಮೇಲೆ. ಮರೆತರೆ ಫೋನ್ ಮಾಡ್ತೀನಿ.'

ಎರಡನ್ನೂ ಪಕ್ಕಪಕ್ಕ ಇಟ್ಟರು.

"ಅಕ್ಷರ ಎಲ್ಲಾ ಬರೆದು ತಲೆಕಟ್ಟು ಕೊನೇಲಿ ಹಾಕೋಳು. ಅದಕ್ಕೇ ಅದು ಸ್ವಲ್ಪ ಮೇಲಕ್ಕೆ ಹೋಗಿ ನಿಂತಿರುತ್ತೆ, ನೋಡಿ. ಎಷ್ಟು ತಿದ್ದಿಸಿದ್ರೂ ಬಿಡಲಿಲ್ಲ."

ನೋಡಿದೆ. ಎರಡರಲ್ಲೂ ತಲೆಕಟ್ಟುಗಳು ಅಕ್ಷರವನ್ನು ಮುಟ್ಟದೆ ಮೇಲೆ ನಿಂತಿದ್ದವು.

ಬರೆದವಳು ಶರಣ್ಯ. ಅವತ್ತು ಮಧ್ಯಾಹ್ನ ಕುಂಕುಮದ ತಟ್ಟೆ ಹಿಡಿದು ಆ ರೆಂಚಿನ ಪಕ್ಕದಲ್ಲೇ ನಿಂತಿದ್ದ ಶರಣ್ಯ. ರೆಂಚು ಎಲ್ಲಿತ್ತು ಅಂತ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ. ಕೆಲಸದ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದ ಆ ದಿನದ ಹಾಳೆಗೆ, ಆಗದೇ ಇದ್ದ ಕೆಲಸವನ್ನು ಆಗಿದೆ ಎಂದು ಬರೆದಿದ್ದಾಳೆ. ನಂದೀಶ ನಂಬಿದ್ದು ಅದು ಅವಳ ಅಕ್ಷರ ಅಂತಲೇ. ಜೈಲಿನಲ್ಲಿ ಅವನು ನೆಲ ನೋಡಿದ್ದು ಹೆದರಿಕೆಯಿಂದಲ್ಲ. ಸತ್ತವಳ ಹೆಸರು ಹೇಳಬಾರದು ಅಂತ.

ಇಷ್ಟು ದಿನ ಒಬ್ಬನ ಮೇಲಿನ ಅಸಹ್ಯದಲ್ಲಿ ನಾನು ಬೇರೆ ಯಾರನ್ನೂ ನೋಡಿರಲಿಲ್ಲ. ಈಗ ನನ್ನ ಮೇಲೇ ಹೇಸಿಗೆಯಾಯಿತು.

"ಮಧುಸೂದನನೇ ಒತ್ತಾಯ ಮಾಡಿ ಬರೆಸಿರಬಹುದು," ಎಂದೆ. ನನ್ನ ದನಿ ನನಗೇ ನಂಬಿಕೆಯಾಗುವಂತೆ ಇರಲಿಲ್ಲ. ಬರೆಸಿದ್ದರೆ ಅವನು ಆ ದಿನ ಆಯುಧ ಪೂಜೆ ಅಂತ ಫೋನಿನಲ್ಲಿ ಹುಡುಕಬೇಕಿರಲಿಲ್ಲ.

ನಾರಾಯಣಮ್ಮನವರು ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಮುಖ್ಯ ಅಂತ ಅನ್ನಿಸಿರಲಿಲ್ಲ. ಆ ಟೆಸ್ಟಿಂಗ್ ದಿನ ಬೆಳಗ್ಗೆ ಉಪ್ಪಿಟ್ಟು ತಿಂತಾ ಇಲ್ಲೇ ಕೂತಿದ್ಲು. ಬೆಲ್ಟು ಸರಿಯಾಗಿ ಹಾಕ್ಕೊಂಡು ಕೂತ್ಕೋ ಅಂದೆ. 'ನಾನು ಕೂರಲ್ಲ ಅಜ್ಜಿ, ನಾನು ಕೆಳಗೇ ಇರ್ತೀನಿ. ಕೊನೆ ಸೀಟಲ್ಲಿ ಇವತ್ತು ಸರ್ ಕೂರ್ತಾರೆ' ಅಂದ್ಲು."

"ಅಷ್ಟೇನಾ?"

"'ಇವತ್ತಿಗೆ ಎಲ್ಲಾ ಮುಗಿಯುತ್ತೆ' ಅಂದ್ಲು. ಟೆಸ್ಟಿಂಗ್ ಮುಗಿಯುತ್ತೆ ಅಂದ್ಕೊಂಡೆ."

ಮಧುಸೂದನ್ ಹೇಳಿದ್ದು ನೆನಪಾಯಿತು. ಬೇಡ ಸರ್, ಓಟನೇ ಬೇಡ, ನಾಳೆ ಮಾಡೋಣ ಅಂದಿದ್ದಳಂತೆ. ಅವನಿಗೆಂದು ಬಿಗಿಯದೆ ಬಿಡಿಸಿದ ಡಬ್ಬಿ ಅದು, ಯಾಕೆ ಬೇಡ ಅಂತ ಅಷ್ಟು ಜನರ ಮುಂದೆ ಅವಳು ಹೇಗೆ ಹೇಳಿಯಾಳು?

"ಇದನ್ನ ಜಡ್ಜಿಗೆ ತೋರಿಸಿದ್ರೆ ಆ ಹುಡುಗ ಬಿಡುಗಡೆ ಆಗ್ತಾನಾ?" ನಾರಾಯಣಮ್ಮನವರು ಕೇಳಿದರು.

"ಆಗ್ತಾನೆ."

"ಶರಣ್ಯನ್ನ ಏನಂತಾರೆ?"

ಉತ್ತರಕ್ಕೆ ಕಾಯದೆ ಅವರು ಚೀಟಿಯನ್ನು ಕೈಗೆತ್ತಿಕೊಂಡರು.

"ಕಾಲೇಜು, ಆಫೀಸು ಎಲ್ಲಾ ಇಂಗ್ಲಿಷು, ಎಲ್ಲಾ ಲ್ಯಾಪ್‌ಟಾಪು. ಕನ್ನಡದಲ್ಲಿ ಅವಳು ಕೈಯಲ್ಲಿ ಬರೆದದ್ದು ಈ ಚೀಟಿ ಒಂದೇ ಉಳಿದಿರೋದು. ಇದು ಇಲ್ಲದಿದ್ರೆ ಆ ಅಕ್ಷರ ಯಾರದ್ದು ಅಂತ ಸಾಬೀತು ಆಗುತ್ತಾ?"

ಸುಳ್ಳು ಹೇಳಬಹುದಿತ್ತು. ಆ ಹಾಳೆಯ ಸುಳ್ಳೊಂದೇ ಸಾಕಾಗಿತ್ತು.

"ಇಲ್ಲ ಟೀಚರ್," ಎಂದೆ.

ಅವರು ಹಾಳೆಯ ನಕಲನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಚೀಟಿ ಅವರ ಕೈಯಲ್ಲೇ ಉಳಿಯಿತು. ಮೊಣಕಾಲು ಹಿಡಿದುಕೊಂಡು ಎದ್ದರು.

"ಕೂತಿರಿ. ಕಾಫಿ ಮಾಡ್ತೀನಿ."

ಚೀಟಿ ಹಿಡಿದೇ ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರು. ಹಾಲಿಗೆ ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗಾಗಿ, ಲೋಟದ ಸದ್ದಿಗಾಗಿ ಕಿವಿಗೊಟ್ಟೆ. ಯಾವುದೂ ಕೇಳಿಸಲಿಲ್ಲ. ಗ್ಯಾಸ್ ಲೈಟರ್ ಟಕ್ ಎಂದದ್ದು ಮಾತ್ರ ಕೇಳಿಸಿತು.